ಬಳ್ಳಿ ಹೋದರೂ ಮಣ್ಣು ಅದರದ್ದೇ

"ನಿಮ್ಮ ಬಳ್ಳಿ ನಮ್ಮ ಬಚ್ಚಲಿಗೆ ಬಂದಿದೆ," ಅಂದರು ಪಕ್ಕದ ಮನೆಯ ಟೀಚರಮ್ಮ, ಹೊಸಿಲಾಚೆಯೇ ನಿಂತು.

ಗೋಡೆಗೆ ಗೋಡೆ ತಾಗಿದ್ದರೂ ಇಷ್ಟು ವರ್ಷದಲ್ಲಿ ಆಕೆ ಆಡಿದ ಮೊದಲ ಮಾತು ಇದು. ಕನ್ನಡಕಪ್ಪನಿಗೆ ಗಾಬರಿಗಿಂತ ಖುಷಿಯೇ ಹೆಚ್ಚಾಗಿ, ಒಳಗೆ ಬನ್ನಿ ಅಂದ.

"ನಾನು ಬರೋಕೆ ಬಂದಿಲ್ಲ. ಅದು ಬಂತಲ್ಲ, ಅದಕ್ಕೆ ಬಂದೆ. ಬೆಳಿಗ್ಗೆ ನಲ್ಲಿಗೆ ಕೈ ಹಾಕಿದ್ರೆ, ಅದೇ ನನ್ನ ಕೈ ಹಿಡ್ಕೊಳ್ಳುತ್ತೆ."

ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದರಿಂದ ಬೀದಿಯವರು ಬೆನ್ನ ಹಿಂದೆ ಅವನನ್ನು ಕನ್ನಡಕಪ್ಪ ಅನ್ನುತ್ತಿದ್ದರು. ದಿನವಿಡೀ ಜನರ ಕಣ್ಣಲ್ಲಿ ಕಣ್ಣಿಟ್ಟು ನೋಡುವುದೇ ಕಸುಬು. ಸಂಜೆ ಮನೆ ಸೇರಿದರೆ ಅವನ ಮುಖ ನೋಡುವವರು ಒಬ್ಬರಿಲ್ಲ. ಜೊತೆಗಿದ್ದ ಅಕ್ಕ ತೀರಿಕೊಂಡ ಮೇಲೆ ಮನೆ ಖಾಲಿ ಡಬ್ಬಿಯಂತೆ ಸುಮ್ಮಸುಮ್ಮನೆ ಸದ್ದು ಮಾಡುತ್ತಿತ್ತು. ಆಗಲೇ ಅವನು ರಸ್ತೆ ಬದಿಯಿಂದ ನೇರಳೆ ಹೂವಿನ ಈ ಬಳ್ಳಿಯ ಒಂದು ತುಂಡು ತಂದು ಹಿತ್ತಿಲಲ್ಲಿ ನೆಟ್ಟಿದ್ದು. ಯಾವ ದೇಶದ್ದೋ ಏನೋ. ನೆಂಟರಿಷ್ಟರು ದೂರವಾಗುತ್ತಿದ್ದಾಗ ಅದೊಂದು ದಿನಕ್ಕೊಂದು ಗೇಣು ಹತ್ತಿರ ಬರುತ್ತಿತ್ತು. ಅಕ್ಕನ ಗುಲಾಬಿ ಹಳದಿಯಾಗಿ ಒಣಗಿತು, ಹುಲ್ಲು ಮಾಯವಾಯಿತು, ಬಳ್ಳಿ ಮಾತ್ರ ಸಾಲ ಕೊಟ್ಟವರ ಹಾಗೆ ಬಾಗಿಲವರೆಗೂ ಬಂತು.

ಗದ್ದಲದ ವಾಸನೆ ಹಿಡಿದು ಎದುರು ಮನೆಯ ಕಂಡಕ್ಟರು ಬಂದರು. ಬಸ್ಸು ಬಿಟ್ಟು ಎಷ್ಟೋ ಕಾಲವಾಗಿದ್ದರೂ ಜನ ನಿಂತಲ್ಲೇ ನಿಂತರೆ ಅವರಿಗೆ ಸಹಿಸಲಾಗದು. ಹೇಗೂ ಭಾನುವಾರ, ಇಡೀ ಬೀದಿ ಸೇರಿ ಈ ಪೀಡೆಯನ್ನು ಕಿತ್ತೆಸೆಯುವುದು ಅಂತ ತೀರ್ಮಾನ ಹೊರಡಿಸಿಯೇಬಿಟ್ಟರು. ನೋಡನೋಡುತ್ತಿದ್ದಂತೆ ಹಾರೆ, ಗುದ್ದಲಿ, ಕುಡುಗೋಲು ಹಿಡಿದ ಜನ ಕನ್ನಡಕಪ್ಪನ ಹಿತ್ತಿಲು ತುಂಬಿದರು. ಅವನ ಮನೆಯಲ್ಲಿದ್ದ ಲೋಟ ಎರಡೇ. ಬೀದಿ ಕೊನೆಯ ಚಹಾದಂಗಡಿಗೆ ಓಡಿ ಒಂದು ಬುಟ್ಟಿ ಲೋಟ ಕಡ ತಂದು ಚಹಾ ಕಾಯಿಸಿದ. ಸಕ್ಕರೆ ಸಾಕಾ ಅಂತ ಒಬ್ಬೊಬ್ಬರನ್ನೂ ಮೂರು ಮೂರು ಸಲ ಕೇಳಿದ. ಕುಡಿದು ಮುಗಿಸಿದವರನ್ನೂ ಕೇಳಿದ.

ಗೋಡೆ ಹತ್ತಿದ್ದ ದಪ್ಪ ಬಳ್ಳಿಯೊಂದನ್ನು ಹಿಡಿಸಿ ಕಂಡಕ್ಟರು "ಎಳೀರಿ" ಅಂದರು. ಎಳೆದರು. ಆ ತುದಿಯಿಂದ ಟೀಚರಮ್ಮನ ಬಟ್ಟೆ ತಂತಿ, ಅದರ ಮೇಲಿದ್ದ ಬೆಡ್‌ಶೀಟುಗಳು, ಅದರ ಹಿಂದೆಯೇ ಬಚ್ಚಲ ಪೈಪು ಮದುವೆ ದಿಬ್ಬಣದಂತೆ ಸಾಲಾಗಿ ಬಂದವು. ಟೀಚರಮ್ಮ ಕಂಡಕ್ಟರ ಮೇಲೆ ಹರಿಹಾಯ್ದರು. ಎಳೀರಿ ಅಂದೆನೇ ಹೊರತು ಏನನ್ನು ಅಂತ ನಾನು ಹೇಳಿದೆನೇ ಅಂತ ಕಂಡಕ್ಟರ ವಾದ. ಜಗಳ ಮುಗಿಯುವವರೆಗೂ ಕಿತ್ತ ಪೈಪನ್ನು ಎತ್ತಿ ಹಿಡಿಯುವ ಕೆಲಸ ಕನ್ನಡಕಪ್ಪನ ಪಾಲಿಗೆ ಬಂತು. ಸೋಪಿನ ನೀರು ಕುತ್ತಿಗೆಯೊಳಗೆ ಇಳಿದು ಬೆನ್ನುಹುರಿಯಗುಂಟ ಪ್ರವಾಸ ಮಾಡಿತು. ಆದರೆ, ಇದನ್ನೊಂಚೂರು ಹಿಡ್ಕೊಳ್ಳಿ ಅಂತ ತನಗೆ ಯಾರಾದರೂ ಹೇಳಿ ಎಷ್ಟು ಕಾಲವಾಗಿತ್ತು! ಅವನು ಅಲ್ಲಾಡದೆ ಹಿಡಿದು ನಿಂತ.

ಸಂಜೆಗೆ ಹಿತ್ತಿಲು ಬೋಳಾಯಿತು. ಜನ ಕೈ ಕೊಡವಿಕೊಂಡು ಚಪ್ಪಲಿ ಹುಡುಕತೊಡಗಿದರು. ಯಾರೂ ನೋಡುತ್ತಿಲ್ಲ ಅಂದುಕೊಂಡು ಕನ್ನಡಕಪ್ಪ ಒಂದು ಬೇರಿನ ತುಂಡನ್ನು ನೀರಿನ ಡ್ರಮ್ಮಿನ ಹಿಂದೆ ತಳ್ಳಿದ. ಮೂಲೆ ಮನೆಯ ಹೆಂಗಸು ನೋಡಿದರು. ಮಣ್ಣು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಅವರ ಕೆಲಸ. ಬೀದಿಗೆಲ್ಲ ಮಣ್ಣು ಮೇಡಂ.

"ಅದನ್ನ ಯಾಕೆ ಬಚ್ಚಿಡ್ತೀರಿ?" ಮೆಲ್ಲಗೆ ಕೇಳಿದರು.

ಕನ್ನಡಕಪ್ಪ ಕನ್ನಡಕ ತೆಗೆದು ಒರೆಸಿದ. "ಮತ್ತೆ ಹಬ್ಬಿದ್ರೆ... ಮತ್ತೆ ಎಲ್ಲರೂ ಬರ್ತೀರಲ್ಲ."

ಮೇಡಂ ಅಲ್ಲೇ ಬಗ್ಗಿದರು. ಒಂದು ಹಿಡಿ ಮಣ್ಣೆತ್ತಿ ಮೂಸಿ ನೋಡಿದರು. "ಮತ್ತೆ ಹಬ್ಬೋಕೆ ಬೇರು ಕೂಡ ಬೇಕಾಗಿಲ್ಲ ಇದಕ್ಕೆ. ಬಳ್ಳಿ ಹೋಯ್ತು, ಮಣ್ಣು ಇನ್ನೂ ಅದರದ್ದೇ."

"ಜೋರಾಗಿ ಹೇಳಿ ಮೇಡಂ. ಎಲ್ಲರಿಗೂ ಕೇಳಲಿ," ಅಂದ ಕನ್ನಡಕಪ್ಪ. ಚಪ್ಪಲಿ ಮೆಟ್ಟಿದವರನ್ನೆಲ್ಲ ಕೈಹಿಡಿದು ವಾಪಸು ಕರೆತಂದ.

ಮೇಡಂ ವಿವರಿಸಿದರು. ಈ ಬಳ್ಳಿಯ ಬೇರಿನ ಗಂಟುಗಳಲ್ಲಿ ಬ್ಯಾಕ್ಟೀರಿಯಾ ಸಂಸಾರ ಹೂಡಿ, ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ತುಂಬಿವೆ. ಊಟ ಹೆಚ್ಚಾಯಿತು, ಆದರೆ ಅದು ಬಳ್ಳಿಗೆ ಒಗ್ಗುವ ಊಟ. ಗುಲಾಬಿಯಂಥವಕ್ಕೆ ಬೇರಿನ ಹತ್ತಿರವೇ ಇದ್ದು ಉಣಿಸುತ್ತಿದ್ದ ಶಿಲೀಂಧ್ರಗಳು ವರ್ಷ ವರ್ಷವೂ ಕಡಿಮೆಯಾಗಿ ಹೋಗಿವೆ. ಈಗ ಬೇರೆ ಗಿಡ ನೆಟ್ಟರೆ ಅದು ಅತ್ತೆಯ ಮನೆಯಲ್ಲಿ ಹೊಸ ಸೊಸೆ ಕೂತ ಹಾಗೆ ಕೂತು ಬಾಡುತ್ತದೆ. ಚಿಗುರನ್ನು ಕೀಳುತ್ತಲೇ ಇರಬೇಕು. ಬೇರೆ ಮನೆಗಳ ಒಳ್ಳೆ ಮಣ್ಣು ತಂದು, ಅದರೊಳಗಿನ ಜೀವಗಳ ಸಮೇತ, ಇಲ್ಲಿ ಬೆರೆಸಬೇಕು.

"ಎಷ್ಟು ದಿನ?" ಕನ್ನಡಕಪ್ಪ ಕೇಳಿದ.

"ದಿನ ಎಲ್ಲಿಂದ ಬಂತು? ವರ್ಷಗಳೇ ಬೇಕು."

ಅವನು ಇನ್ನೇನು ಚಪ್ಪಾಳೆ ತಟ್ಟುವುದರಲ್ಲಿದ್ದ. ಹೊಸ ಲೋಟ ಎಷ್ಟು ಕೊಳ್ಳಬೇಕು ಅಂತ ಮನಸ್ಸು ಎಣಿಸತೊಡಗಿತ್ತು. ಅಷ್ಟರಲ್ಲಿ ಟೀಚರಮ್ಮ, ಬೀಜದ ಕತೆ ಏನು ಅಂತ ಕೇಳಿದರು.

"ಬೀಜ ಈ ಮಣ್ಣಲ್ಲೇ ವರ್ಷಗಟ್ಟಲೆ ಮಲಗಿರುತ್ತೆ. ಚಪ್ಪಲಿಗೆ ಅಂಟಿಕೊಂಡು ಬೇರೆ ಮನೆಗೆ ಹೋದ್ರೆ, ಅದಕ್ಕೆ ಬೇಕಾದ ಬ್ಯಾಕ್ಟೀರಿಯಾನೂ ಜೊತೆಗೇ ಹೋಗುತ್ತೆ. ಅಲ್ಲೂ ಇದೇ ಸಂಸಾರ," ಅಂದರು ಮೇಡಂ.

ಎಲ್ಲರೂ ತಂತಮ್ಮ ಕಾಲು ನೋಡಿಕೊಂಡರು.

ಕಂಡಕ್ಟರ ಗಂಟಲಿಗೆ ಹಳೆಯ ಬಸ್ಸಿನ ಧ್ವನಿ ಬಂತು. "ಎಲ್ಲ ಇಳೀರಿ. ಈ ಮಣ್ಣು ಸರಿಹೋಗೋವರೆಗೂ ಇಲ್ಲಿಗೆ ಯಾರೂ ಹತ್ತೋ ಹಾಗಿಲ್ಲ."

"ಮತ್ತೆ ಚಿಗುರು ಕೀಳೋದು?" ಅಂದ ಕನ್ನಡಕಪ್ಪ.

"ನೀವಿದ್ದೀರಲ್ಲ. ಒಳ್ಳೆ ಮಣ್ಣು ಗೋಡೆ ಮೇಲೆ ಇಟ್ಟು ಹೋಗ್ತೀವಿ. ತಪ್ಪು ತಿಳ್ಕೋಬೇಡಿ ಕನ್ನಡಕದವರೇ, ನೀವೂ ನಮ್ಮ ಮನೆಗಳ ಕಡೆ ಬರೋದು ಬೇಡ," ಅಂದರು ಕಂಡಕ್ಟರು.

ಎಲ್ಲರೂ ಅವನ ನಲ್ಲಿಯಲ್ಲೇ ಚಪ್ಪಲಿ ತಿಕ್ಕಿ ತಿಕ್ಕಿ ತೊಳೆದುಕೊಂಡು ಹೊರಟರು. ಇಡೀ ದಿನ ಕೂಡಿ ದುಡಿದು ಅವರವರಲ್ಲೇ ಸಲಿಗೆ ಬೆಳೆದಿತ್ತು. ಟೀಚರಮ್ಮನ ಅಂಗಳದಲ್ಲಿ ಕುರ್ಚಿ ಎಳೆದ ಸದ್ದು, ನಗು ಗೋಡೆಯಾಚೆಯಿಂದ ಕೇಳಿಸಿತು. ಸ್ವಲ್ಪ ಹೊತ್ತಿಗೆ ಎರಡು ಕೈಗಳು ಒಂದು ಬುಟ್ಟಿ ಮಣ್ಣನ್ನು ಗೋಡೆಯ ಮೇಲಿಟ್ಟವು. ಕನ್ನಡಕಪ್ಪ ಸ್ಟೂಲು ತಂದು ಹತ್ತುವಷ್ಟರಲ್ಲಿ ಕೈಗಳಿರಲಿಲ್ಲ. ಬುಟ್ಟಿಯಲ್ಲಿ ಎರೆಹುಳುವೊಂದು ತಲೆಯೆತ್ತಿ, ಅತ್ತಿತ್ತ ಆಡಿಸಿ, ಮತ್ತೆ ಮಣ್ಣೊಳಗೆ ಹೋಯಿತು.