ಫಿಲೋಮಿನಾ ತೇಲಿದ್ದು

ಕರುಂ, ಕುರುಂ. ಹಪ್ಪಳದ ರಾಶಿಯ ಮೇಲೆ ಯಾರೋ ನಡೆದಂಥ ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಮಾಗಡಿ ಸರೋವರದ ದಂಡೆಯಲ್ಲಿ ಒಣಗಿದ ಸೋಡಾ ಉಪ್ಪಿನ ಮೇಲೆ ನಾವು ಮೂವರು ಮುದುಕರು ನಡೆದ ಸದ್ದು. ಬೆಂಗಳೂರಿನ ಪಕ್ಕದ ಮಾಗಡಿಯಲ್ಲ, ನೈರೋಬಿಯಿಂದ ಬೆಟ್ಟ ಇಳಿದಿಳಿದು ತಲುಪುವ ಮಾಗಡಿ. ಈ ವಯಸ್ಸಿನಲ್ಲಿ ನನಗೆ ಪಿಕ್ನಿಕ್ ಎಂದರೆ ನೆರಳು, ಕಾಫಿ ಫ್ಲಾಸ್ಕು, ಹತ್ತಿರದಲ್ಲೊಂದು ಟಾಯ್ಲೆಟ್. ಅಲ್ಲಿದ್ದದ್ದು ಫ್ಲಾಸ್ಕು ಮಾತ್ರ, ಅದೂ ನಾವೇ ಒಯ್ದದ್ದು.

ಹೋದದ್ದು ಫಿಲೋಮಿನಾಳಿಗಾಗಿ. ನೈರೋಬಿಯ ಸೌತ್ ಬಿ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯ ಮಂಗಳೂರಿನವಳು. ಮರುವಾರ ಫಾರ್ ಗುಡ್ ಊರಿಗೆ ಹೊರಟಿದ್ದಳು, ಅಕ್ಕನ ಜೊತೆ ಇರಲು. ಆ ಅಕ್ಕ ಹೋಲಿ ಲ್ಯಾಂಡ್ ಯಾತ್ರೆಯಲ್ಲಿ ಉಪ್ಪುನೀರಿನ ಮೇಲೆ ತೇಲುತ್ತಾ ಪೇಪರ್ ಓದಿದ ತನ್ನ ಫೋಟೋವನ್ನು ಪ್ರತಿ ಕ್ರಿಸ್‌ಮಸ್‌ಗೂ ಕಳಿಸುತ್ತಿದ್ದಳು. “ಅಂಥದ್ದೊಂದು ಫೋಟೋ ಇಲ್ಲದೆ ಹೋದ್ರೆ ಸಾಯುವವರೆಗೆ ಅವಳ ಜಂಬ ಕೇಳ್ಬೇಕು ಮಾರಾಯ್ತಿ,” ಎಂದಿದ್ದಳು ಫಿಲೋಮಿನಾ.

ಉಪ್ಪುನೀರಿಗೆ ಇಳಿಯುವ ಮುಂಚೆ ಎಣ್ಣೆ ಹಚ್ಚಬೇಕೆಂಬುದು ಅವಳ ತಾಯಿಯ ಕಾಲದ ಕಟ್ಟಳೆ. ಅಡಿಯಿಂದ ಮುಡಿಯವರೆಗೆ ಕೊಬ್ಬರಿ ಎಣ್ಣೆ ಬಳಿದು, ಮೇಲೊಂದು ಹೂವಿನ ನೈಟಿ ತೊಟ್ಟು, ಕೊಡೆ ಹಿಡಿದು ಇಳಿದಳು. ನೀರು ಗುಲಾಬಿ ಬಣ್ಣ. ಆಳ, ಪಾದ ಮುಳುಗುವಷ್ಟು. ದೂರದಲ್ಲಿ ಫ್ಲೆಮಿಂಗೋಗಳೂ ನಿಂತೇ ಇದ್ದವು, ಒಂದೂ ತೇಲುತ್ತಿರಲಿಲ್ಲ. ಫಿಲೋಮಿನಾ ಎದೆಗುಂದಲಿಲ್ಲ. ಅಂಗಾತ ಮಲಗಿ ಪೇಪರ್ ಬಿಚ್ಚಿದಳು.

“ತೇಲ್ತಾ ಇದ್ದೇನಾ?”

ಕಾನ್ವೆಂಟಿನಲ್ಲಿ ನನಗೆ ಪೋಸ್ಚರ್ ಕಲಿಸಿದ್ದರು, ಇಂಥ ಪ್ರಶ್ನೆಗೆ ಉತ್ತರ ಕಲಿಸಿರಲಿಲ್ಲ. “ಲವ್ಲಿ!” ಎಂದೆ.

“ಇದು ಫ್ಲೋಟಿಂಗ್ ಅಲ್ಲ, ಪಾರ್ಕಿಂಗ್,” ಎಂದರು ನಮ್ಮವರು. ಜೀವಮಾನವೆಲ್ಲ ಸೋಪ್ ಫ್ಯಾಕ್ಟರಿಯಲ್ಲಿ ಎಂಜಿನಿಯರ್ ಆಗಿದ್ದವರು. ಇದ್ದಕ್ಕಿದ್ದಂತೆ ಅವರ ಮುಖ ಅರಳಿತು. ಅವಳ ನೈಟಿಯ ತೋಳಿನಿಂದ ಬಿಳಿ ನೊರೆ ಹೊರಬರುತ್ತಿತ್ತು.

“ಎಣ್ಣೆ, ಸೋಡಾ, ಬಿಸಿ! ಫಿಲೋಮಿನಾ, ಅಲುಗಾಡ್ಬೇಡಿ, ನೀವು ಸೋಪ್ ಆಗ್ತಿದ್ದೀರಿ!”

“ಆಗ್ಲಿ ಮೂರ್ತಿಯವರೇ, ಮೊದ್ಲು ಫೋಟೋ ತೆಗೀರಿ!”

ನೊರೆ ಕೆಸರನ್ನು ಮುಚ್ಚಿತು. ಇವರು ಮಂಡಿಯೂರಿ ಕ್ಲಿಕ್ಕಿಸಿದರು. ಫೋಟೋದಲ್ಲಿ ಫಿಲೋಮಿನಾ ಮೋಡದ ಮೇಲಿದ್ದಳು. ಆಮೇಲೆ ಎಬ್ಬಿಸಲು ಹೋದರೆ ಕೈಗೇ ಸಿಗಲಿಲ್ಲ. ಜಾರಿ ನಾನೂ ಅವಳ ಪಕ್ಕದಲ್ಲೇ ಪಾರ್ಕ್ ಆದೆ. ಇಬ್ಬರೂ ಗಂಟಲು ಕಟ್ಟುವಷ್ಟು ನಕ್ಕೆವು. ವಾಪಸ್ಸು ಬರುವಾಗ ಅವಳ ನೈಟಿ ಗಂಜಿ ಹಾಕಿದಂತೆ ಸೆಟೆದು, ರಸ್ತೆಯಲ್ಲಿ ಗುಂಡಿ ಸಿಕ್ಕಿದಾಗಲೆಲ್ಲ ಹಪ್ಪಳದ ಸದ್ದು ಮಾಡುತ್ತಿತ್ತು.

ಏರ್‌ಪೋರ್ಟಿನಲ್ಲಿ ಅವಳು ನನ್ನ ಕಿವಿಯ ಹತ್ತಿರ ಬಂದು, “ಬೆನ್ನ ಕೆಳಗೆ ಕೆಸರಿದ್ದದ್ದು ನನಗೆ ಗೊತ್ತಾಗ್ಲಿಲ್ಲ ಅಂದ್ಕೊಂಡ್ಯಾ? ನಿನ್ನ ‘ಲವ್ಲಿ’ಗೆ ಬೇಜಾರು ಮಾಡೋದು ಬೇಡ ಅಂತ ಸುಮ್ಮನಿದ್ದೆ,” ಎಂದಳು. ಬಾಗಿಲೊಳಗೆ ಹೋಗಿ, ತಿರುಗಿ, ಎರಡೂ ಕೈ ಚಾಚಿ ತೇಲಿ ತೋರಿಸಿದಳು. ಅವಳನ್ನು ನಾನು ಕೊನೆಯ ಸಲ ನೋಡಿದ್ದು ಹಾಗೆ. ನಾನೂ ಈಚೆಯಿಂದ ಕೈ ಚಾಚಿ ನಿಂತೆ.

“ಮಾಮಾ, ಸವಾ?” ಅಮ್ಮಾ, ಸರಿಯಿದ್ದೀರಾ ಎಂದು ಕಾವಲುಗಾರ ತನ್ನ ಭಾಷೆಯಲ್ಲಿ ಕಳವಳದಿಂದ ವಿಚಾರಿಸಿದ.

“ಸವಾ, ಸವಾ,” ಎಂದೆ. ಕೈ ಮಾತ್ರ ಇಳಿಸಲಿಲ್ಲ.