ತೊಳೆದ ಕಾರ್ಡುಗಳು

ನಂಬುವುದಿಲ್ಲವಾದರೆ ಬನ್ನಿ, ಈಗಲೇ ಕಾರಡ್ಕಕ್ಕೆ ಹೋಗಿ ಕೇಳುವ. ನಾನು ಹೇಳಿದ್ದು ಸುಳ್ಳೆಂದು ಒಬ್ಬನೇ ಒಬ್ಬ ಹೇಳಿದರೂ ಈ ಖಾಕಿ ಅಂಗಿ ಬಿಚ್ಚಿ ನಿಮಗೇ ಕೊಡುತ್ತೇನೆ. ಕಳ್ಳು ಇಳಿಸುವವರ ಮನೆಯಲ್ಲಿ ಹುಟ್ಟಿ, ಎಂಟನೆಯ ಕ್ಲಾಸು ಪಾಸಾಗಿ, ಪೋಸ್ಟಿನ ಚೀಲ ಹೆಗಲಿಗೇರಿಸಿದ ಮೊದಲಿಗ ನಾನು. ಊರಿಡೀ ನಡೆಯುವವನಿಗೆ ದಿನಕ್ಕೊಂದು ತಮಾಷೆ ಸಿಗುತ್ತಲೇ ಇರುತ್ತದೆ. ದೇವಸ್ಥಾನದ ಭಟ್ಟರ ಮನೆಯ ಅಮ್ಮನದ್ದು ಮಾತ್ರ ಬೇರೆಯೇ ಕಥೆ.

ಕಲ್ಲು ಮತ್ತು ಚೆಂಬು

ಮೊದಲ ದಿನ ಅಂಗಳದ ತುದಿಗೆ ಕಾಲಿಟ್ಟೆನೋ ಇಲ್ಲವೋ, ಜಗಲಿಯಿಂದ ಕೂಗು: "ಅಲ್ಲೇ ನಿಲ್ಲು! ಆ ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿ."

ಇಟ್ಟೆ, ಸರಿದೆ. ಅಮ್ಮ ಚೆಂಬು ಹಿಡಿದು ಬಂದು ಕಾರ್ಡಿನ ಮೇಲೆ ನೀರು ಹೊಯ್ದರು.

"ಎಂತ ಮಾಡುವುದಮ್ಮ?"

"ನೀನು ಮುಟ್ಟಿದ್ದಲ್ಲವಾ ಮಾರಾಯ? ಶುದ್ಧ ಆಗಬೇಡವಾ?"

ಕುಡಿಯಲಿಕ್ಕೆ ಕೇಳಿದ್ದಕ್ಕೆ ನನ್ನ ಬೊಗಸೆಗೂ ಮೇಲಿನಿಂದ ಹೊಯ್ದರು. ಅರ್ಧ ಬಾಯಿಗೆ, ಅರ್ಧ ಅಂಗಿಯ ತೋಳಿಗೆ. ಸಂಜೆ ಭಟ್ಟರು ಕನ್ನಡಕ ಹಾಕಿ ನೋಡಿದರಂತೆ. ಕಾರ್ಡು ಎಷ್ಟು ಶುದ್ಧವಾಗಿತ್ತೆಂದರೆ, ಒಂದಕ್ಷರವೂ ಉಳಿದಿರಲಿಲ್ಲ.

ಮಾತಿಗೆ ನೀರು ಬೇಡ

ಮರುವಾರ ಸರಿಯಾಗಿ ಜಗಳ ಆಡಿಯೇ ಬರಬೇಕೆಂದು ಹೋದೆ. ನನ್ನ ಬಾಯಿ ಎಂಥದೆಂದು ಊರಿಗೇ ಗೊತ್ತುಂಟು. ನೋಡಿದರೆ ಅಮ್ಮ, ಓದು ಬಾರದವರು, ಆ ತೊಳೆದ ಕಾರ್ಡನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ.

"ಸೊಸೆ ಹೆರಿಗೆಗೆ ಹೊಸಂಗಡಿಯ ತವರಿಗೆ ಹೋದದ್ದು. ಮೊದಲಿನ ಎರಡು ಕೂಸು ಉಳಿಯಲಿಲ್ಲ ಅವಳದ್ದು. ಅಲ್ಲಿಂದ ಎಂತ ಬರೆದಿದ್ದಾರೋ."

ಜಗಳ ಎಲ್ಲಿ ಹೋಯಿತೋ, ನನಗೇ ಸಿಗಲಿಲ್ಲ. ಕಾರ್ಡನ್ನು ದಾರಿಯಲ್ಲಿ ಓದದ ಪೋಸ್ಟಿನವ ಯಾರಿದ್ದಾನೆ? ನನ್ನ ಜ್ಞಾಪಕಶಕ್ತಿಯೋ, ಕಲ್ಲಿನಲ್ಲಿ ಕೆತ್ತಿದ ಹಾಗೆ. ಹಳೆಯ ಕಾರ್ಡು, ಹೊಸ ಕಾರ್ಡು ಎರಡನ್ನೂ ಬಾಯಿಪಾಠ ಒಪ್ಪಿಸುತ್ತೇನೆಂದೆ.

"ನನ್ನ ಬಾಯಿಗೂ ನೀರು ಹಾಕಬೇಕಾ ಅಮ್ಮ?"

"ಮಾತಿಗೆ ಮೈಲಿಗೆ ಇಲ್ಲ. ಬೇಗ ಹೇಳು!"

ಒಂದು ಸಾಲು ಹೆಚ್ಚು

ಆಮೇಲೆ ವಾರವಾರವೂ ಹೀಗೇ. ನಾನು ಅಂಗಳದಲ್ಲಿ ನಿಂತು ಹೇಳುವುದು, ಅಮ್ಮ ಕೇಳಿಸಿಕೊಂಡು ಕಾರ್ಡು ತೊಳೆಯುವುದು. ಒಮ್ಮೆ ಸೊಸೆಯ ಕಾಲು ಬಾತಿದೆಯೆಂದು ಬಂದಿತ್ತು. ಅಮ್ಮನ ಮುಖ ಬಾಡಿದ್ದು ನೋಡಲಾಗದೆ ನನ್ನದೊಂದು ಸಾಲು ಸೇರಿಸಿದೆ: "ಸೊಸೆಗೆ ಯಾವಾಗಲೂ ಅತ್ತೆಯದ್ದೇ ನೆನಪಂತೆ."

ಅಮ್ಮ ತಲೆಯೆತ್ತಿದರು. "ಸುಳ್ಳು! ನನ್ನ ಸೊಸೆ ಹಾಗೆ ಬರೆಸುವವಳೇ ಅಲ್ಲ. ಇದ್ದದ್ದು ಮಾತ್ರ ಹೇಳು."

ಮೀಸೆ

ಈ ಕಲ್ಲು, ಚೆಂಬಿನ ಸುದ್ದಿ ಕೇಳಿ ಪೋಸ್ಟುಮಾಸ್ಟರರು ರೇಗಿದರು. "ಮರ್ಯಾದೆ ಇಲ್ಲವಾ ನಿನಗೆ? ದೂರು ಬರೆದು ಕೊಡು."

"ದೂರು ಎಂತಕ್ಕೆ ಸ್ವಾಮಿ? ಆ ಅಮ್ಮ ಒಂದು ದಿನ ನನ್ನ ಕೈಯಿಂದಲೇ ಕಾರ್ಡು ತೆಗೆದುಕೊಳ್ಳದಿದ್ದರೆ ಮೀಸೆ ಬೋಳಿಸುತ್ತೇನೆ!"

ಅವರು ನನ್ನ ಮುಖವನ್ನು ಹತ್ತಿರದಿಂದ ನೋಡಿದರು. "ಮೊದಲು ಮೀಸೆ ಬರಲಿ."

ಅಮೆ

ಆ ಕಾರ್ಡು ಬಂದ ದಿನ ನಾನು ನಡೆಯಲಿಲ್ಲ, ಓಡಿದೆ. ಗುಡ್ಡದ ತಿರುವಿನಿಂದಲೇ ಬೊಬ್ಬೆ: "ಅಮ್ಮಾ! ಗಂಡು ಕೂಸು! ತಾಯಿ ಮಗು ಇಬ್ಬರೂ ಕ್ಷೇಮ!"

ಆಗಷ್ಟೇ ಮಿಂದು ಮಡಿಯುಟ್ಟಿದ್ದ ಅಮ್ಮ ಕಲ್ಲು ದಾಟಿ ಓಡಿಬಂದು, ಕಾರ್ಡನ್ನು ನನ್ನ ಕೈಯಿಂದಲೇ ಕಿತ್ತುಕೊಂಡು ಎದೆಗೊತ್ತಿದರು. ಮರುಕ್ಷಣ ತನ್ನ ಕೈ ನೋಡಿ ಕಂಬದ ಹಾಗೆ ನಿಂತರು.

"ಮತ್ತೆ ಸ್ನಾನವಾ ಅಮ್ಮ?" ಮೆಲ್ಲಗೆ ಕೇಳಿದೆ.

ಅಮ್ಮ ಸ್ವಲ್ಪ ಯೋಚಿಸಿ ನಕ್ಕರು. ನಗು ಯಾವುದು ಅಳು ಯಾವುದು ತಿಳಿಯಲಿಲ್ಲ. "ಕೂಸು ಹುಟ್ಟಿತಲ್ಲ ಮಾರಾಯ, ಇನ್ನು ಹತ್ತು ದಿನ ನಮ್ಮ ಮನೆಗೇ ಅಮೆಯ ಸೂತಕ. ಮೈಲಿಗೆ ಈಗ ನಾನು! ಮೀಯಬೇಕಾದ್ದು ನೀನು!"

ನಾನು ಬಿಡುತ್ತೇನಾ? ಎರಡು ಹೆಜ್ಜೆ ಹಿಂದೆ ಹಾರಿ ಕೂಗಿದೆ: "ಹಾಗಾದರೆ ಅಲ್ಲೇ ನಿಲ್ಲಿ ಅಮ್ಮ! ಕಾರ್ಡನ್ನು ಕಲ್ಲಿನ ಮೇಲೆ ಇಡಿ!"

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಲ್ಲೇ ಕಲ್ಲಿನ ಮೇಲೆ ಕುಳಿತುಬಿಟ್ಟರು.

ಹನ್ನೊಂದನೆಯ ದಿನ ಶುದ್ಧ ಆಯಿತು. ಮರುದಿನ ಇನ್ನೊಂದು ಕಾರ್ಡು ಬಂತು. ತಮಾಷೆ ಮುಗಿಯಿತೆಂದುಕೊಂಡು, ಮೊದಲಿನಂತೆ ಕಲ್ಲಿನ ಮೇಲಿಡಲು ಬಗ್ಗಿದೆ.

"ಕಲ್ಲಿಗೆ ಎಂತಕ್ಕೆ ಕೊಡುವುದು? ನನಗೆ ಕೈ ಇಲ್ಲವಾ?" ಎಂದರು ಅಮ್ಮ.

ಕಾರ್ಡು ತೊಳೆಯಲಿಲ್ಲ. ನಾನು ನೀರು ಕುಡಿದ ಲೋಟೆಯನ್ನು ಆಮೇಲೆ ಹುಣಸೆಹುಳಿ ಹಾಕಿ ತಿಕ್ಕಿರಬಹುದು, ತಿಕ್ಕಲಿ.

ನನಗೆ ಕೊಟ್ಟದ್ದು ಒಂದು ಹಿತ್ತಾಳೆ ಲೋಟೆ ನೀರು, ಒಂದು ತುಂಡು ಬೆಲ್ಲ. ಕೈಯಿಂದ ಕೈಗೆ.