ಗೂಡಿನ ಗೂಬೆ, ಗೋಣಿಯ ಚಿರತೆ

ಬಣ್ಣದ ಜೊತೆ ಕಸಕಡ್ಡಿಯನ್ನೂ ಅಂಟಿಸಿ ಚಿತ್ರ ಮಾಡುವವರಿಗೆ ಗಂಭೀರವಾಗಿರೋ ಯೋಗವೇ ಇಲ್ಲ ಅಂತ ಕಾಣುತ್ತೆ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಮಾಲೂರಿನ ಕಡೆ ಒಂದು ಶಾಲೆಗೆ ಡ್ರಾಯಿಂಗ್ ಟೀಚರ್ ಆಗಿ ಸೇರಿದೆ. ಸುತ್ತಮುತ್ತ ಕಂಡ ಪ್ರಾಣಿಪಕ್ಷಿಗಳನ್ನೆಲ್ಲ ರಾಗಿಹುಲ್ಲು, ಹಳೇ ಬಟ್ಟೆ, ಮಾವಿನ ಓಟೆ, ಹೀಗೆ ಕೈಗೆ ಸಿಕ್ಕಿದ್ದರಲ್ಲಿ ಮಾಡುವ ಹುಚ್ಚು ನನಗೆ.

ಗೂಬೆ

ವಕ್ಕಲೇರಿಯಲ್ಲಿ ರೇಷ್ಮೆಹುಳು ಸಾಕುವ ಹೆಂಗಸೊಬ್ಬರು ಮಾರಾಟಕ್ಕೆ ಬಾರದ ತೂತುಗೂಡುಗಳನ್ನು ಒಂದು ಚೀಲ ಕೊಟ್ಟರು. ಅವನ್ನು ಸೀಳಿ, ಗರಿಯ ಹಾಗೆ ಒಂದರ ಮೇಲೊಂದು ಅಂಟಿಸಿ, ಶಾಲೆಯ ಹುಣಸೆಮರದಲ್ಲಿದ್ದ ಗೂಬೆಯನ್ನು ಮಾಡಿದೆ. ಕಣ್ಣಿಗೆ ಎರಡು ಡಬ್ಬಿ ಮುಚ್ಚಳ. ಸ್ಟಾಫ್ ರೂಮಿನಲ್ಲಿ ತೂಗುಹಾಕಿದ್ದೇ ತಡ, ಹೆಡ್‌ಮಾಸ್ಟರು ಗಾಬರಿಯಾದರು.

“ಏನಮ್ಮಾ, ಶಾಲೆ ಒಳಗೇ ಗೂಬೇನ ತಂದು ಕೂರಿಸಿದ್ದೀರಲ್ಲ! ನಾಳೆ ಇನ್ಸ್‌ಪೆಕ್ಟರು ಬೇರೆ ಬರ್ತಾರೆ. ಗೋಡೆ ಕಡೆ ತಿರುಗಿಸಿ.”

ತಿರುಗಿಸಿದೆ. ಇನ್ಸ್‌ಪೆಕ್ಟರು ಬಂದವರು ಸುಮ್ಮನಿರಬೇಕಲ್ಲ, ಅದನ್ನು ಈಚೆ ತಿರುಗಿಸಿ ನೋಡಿದರು. ಆಮೇಲೆ ಹೆಡ್‌ಮಾಸ್ಟರ ಮುಖ ನೋಡಿದರು. ಮತ್ತೆ ಚಿತ್ರ ನೋಡಿದರು.

“ಭೇಷ್! ಹೋಲಿಕೆ ಚೆನ್ನಾಗಿ ಬಂದಿದೆ ಕಣಮ್ಮ. ಕನ್ನಡಕ ಮಾತ್ರ ಸ್ವಲ್ಪ ದೊಡ್ಡದಾಯ್ತು.”

ಕರಡಿ

ಆಮೇಲೆ ಮುಳಬಾಗಿಲಿಗೆ ವರ್ಗವಾಯಿತು. ಅಲ್ಲಿನ ಬೆಟ್ಟದಲ್ಲಿ ಕರಡಿಗಳಿದ್ದವು. ಕರಡಿ ಮಾಡಬೇಕು, ಮೈತುಂಬ ಕೂದಲಿರಬೇಕು. ಧೈರ್ಯ ಮಾಡಿ ಕ್ಷೌರದಂಗಡಿಯ ಬಾಗಿಲಿಗೆ ಹೋದೆ.

“ಕ್ಯಾ ಟೀಚರಮ್ಮ,” ಅಂದರು ಅಂಗಡಿಯ ಸಾಹೇಬರು, “ಎಲ್ಲರೂ ಇಲ್ಲಿ ಕೂದಲು ಬಿಟ್ಟು ಹೋಗೋಕೆ ಬರ್ತಾರೆ, ನೀವು ತಗೊಂಡು ಹೋಗೋಕೆ ಬಂದಿದ್ದೀರಾ?”

ನಕ್ಕರೂ ಪಾಪ, ಒಂದು ವಾರ ಕರಿದು ಬೇರೆ, ಬಿಳಿದು ಬೇರೆ ಗುಡಿಸಿ ಕೊಟ್ಟರು. ಸೀಗೆಪುಡಿ ಹಾಕಿ ತೊಳೆದು, ಒಣಗಿಸಿ ಅಂಟಿಸಿದೆ. ಮೈಯೆಲ್ಲ ಕಪ್ಪು, ಎದೆ ಮೇಲೆ ಮಾತ್ರ ಬಿಳಿ ಪಟ್ಟೆ. ಶಾಲೆಯ ಪ್ರದರ್ಶನಕ್ಕೆ ಬಂದ ಗಂಡ ಹೆಂಡತಿ ಅದರ ಮುಂದೆ ನಿಂತರು. ಕೂದಲು ಎಲ್ಲಿಂದ ಬಂತು ಅನ್ನೋದು ಅಷ್ಟು ಹೊತ್ತಿಗೆ ಊರಿಗೇ ಗೊತ್ತಾಗಿತ್ತು.

“ರೀ, ಈ ಬಿಳಿ ಪಟ್ಟೆ ನಿಮ್ದೇ ಅಲ್ವೇನ್ರಿ?” ಅಂದರು ಹೆಂಡತಿ.

ಗಂಡನಿಗೆ ಸಿಟ್ಟು ಬಂತು. “ನನಗೆಲ್ಲಿದೆ ಕಣೇ ಬಿಳಿ ಕೂದಲು? ಸರಿಯಾಗಿ ನೋಡು, ಆ ಕರೀ ಬೆನ್ನು ನಂದು!”

ಚಿರತೆ

ಆ ಕರಡಿಯನ್ನು ನೋಡಿದ್ದ ರಾಯಲ್ಪಾಡಿನ ಮಾವಿನತೋಟದ ಯಜಮಾನರೊಬ್ಬರು ನನ್ನನ್ನು ಹುಡುಕಿಕೊಂಡು ಬಂದರು. “ಮೇಡಮ್ಮೋರೆ, ನಂಗೊಂದು ಚಿರತೆ ಮಾಡಿಕೊಡಿ. ಕೋತಿಗಳು ಒಂದು ಕಾಯೀನೂ ಉಳಿಸ್ತಾ ಇಲ್ಲ.”

ಒಬ್ಬರು ಬಾಯಿಬಿಟ್ಟು ಕೇಳಿ ನನ್ನಿಂದ ಮಾಡಿಸಿಕೊಂಡದ್ದು ಅದೇ ಮೊದಲು. ನೆಲದ ಮೇಲೆ ಕಾಲು ನಿಲ್ಲಲಿಲ್ಲ. ಬಿದಿರಿನ ದಬ್ಬೆಗೆ ಗೋಣಿ ಹೊಲಿದು, ಹುಲ್ಲು ತುಂಬಿ, ತೆಂಗಿನ ಚಿಪ್ಪು ಸುಟ್ಟ ಮಸಿಯಿಂದ ಚುಕ್ಕೆ ಇಟ್ಟು, ಬಳೆಚೂರಿನ ಕಣ್ಣು ಕೂರಿಸಿದೆ. ಒಂದು ತಿಂಗಳ ಕೆಲಸ. ಅವರು ಅದನ್ನು ತೋಟದ ನಡುವೆ ನಿಲ್ಲಿಸಿದರು.

ಮೂರನೇ ದಿನ ಆಸೆಯಿಂದ ನೋಡಲು ಹೋದೆ. ಒಂದು ಕೋತಿ ಚಿರತೆಯ ಬೆನ್ನ ಮೇಲೆ ಮಲಗಿತ್ತು. ಇನ್ನೊಂದು ಚಿರತೆಯ ಕಿವಿಯಲ್ಲಿ ಹೇನು ಹುಡುಕುತ್ತಿತ್ತು. ನನಗೆ ಅಳು ಬರೋದೊಂದು ಬಾಕಿ. “ಯಜಮಾನ್ರೇ!” ಅಂತ ಕೂಗಿದೆ.

“ಇಕ್ಕಡಮ್ಮಾ, ಪೈನ!” ತೆಲುಗಿನ ದನಿ ಮೇಲಿಂದ ಬಂತು. ತಲೆ ಎತ್ತಿದರೆ ಯಜಮಾನರು ಮಾವಿನಮರದ ಕೊಂಬೆ ತಬ್ಬಿ ಕೂತಿದ್ದಾರೆ!

“ಯಾಕೆ ಹತ್ತಿದ್ರಿ? ಅದು ಗೋಣಿದಲ್ವಾ?”

“ಹತ್ತಿದ್ಮೇಲೆ ನೆನಪಾಯ್ತು, ಈಗ ಇಳಿಯೋಕೆ ಆಗ್ತಿಲ್ಲ. ನೀವು ಬೇಜಾರು ಮಾಡ್ಕೋಬೇಡಿ ತಾಯಿ, ನಿಮ್ಮ ಚಿರತೆ ಚೆನ್ನಾಗಿ ಕೆಲಸ ಮಾಡ್ತಿದೆ. ಬೆಳಗ್ಗೆಯಿಂದ ನಾನಿಲ್ಲಿದ್ದೀನಿ, ಒಂದು ಕೋತೀನೂ ಈ ಮರ ಹತ್ತಿಲ್ಲ!”